ಮೂರನೇ ಮಾಳಿಗೆಯಿಂದ ಇಳಿದ ಕೆರೆ

ಜೋಕಾ ಎಂಬ ಬಂಗಾಳಿ ಊರಿನ ತಮ್ಮ ಮನೆಯ ಹಿಂದಿನ ಕೆರೆ ನಲವತ್ತು ಅಡಿ ಆಳವಿದೆ ಎಂದು ಮೊಮ್ಮಗಳ ಲ್ಯಾಪ್‌ಟಾಪ್ ಹೇಳಿದಾಗ ವೆಂಕಪ್ಪನವರು ಕಾಫಿ ಲೋಟ ಕೆಳಗಿಟ್ಟರು. ಮದುವೆ ಅಡುಗೆಯ ಕಡಾಯಿಗಳನ್ನು ಅದೇ ಕೆರೆಯಲ್ಲಿ ಮೂವತ್ತು ವರ್ಷ ತೊಳೆದವರು ಅವರು.

"ಕಾಲೇಜಿನ ಸರ್ ನಂಬ್ತಾ ಇಲ್ಲ ಅಜ್ಜಯ್ಯ," ಎಂದಳು ಪ್ರಣೀತಾ. "ನಾಲ್ಕು ಗಂಟೆಯೊಳಗೆ ಸರಿ ಮಾಡಿ ಕಳಿಸದಿದ್ರೆ ಪ್ರಾಜೆಕ್ಟ್ ಫೇಲ್."

ಉಪಗ್ರಹದ ಚಿತ್ರದಿಂದ ಕೆರೆಯ ಆಳ ಅಳೆಯುವುದು ಅವಳ ಪ್ರಾಜೆಕ್ಟ್; ಆದರೆ ಉಪಗ್ರಹಕ್ಕೆ ನೀರಿನ ತಳ ಕಾಣುವುದಿಲ್ಲವಂತೆ. ಸುತ್ತಲಿನ ಎತ್ತರ ನೋಡಿ, ದಡ ಎಷ್ಟು ಇಳಿಜಾರೋ ನೀರೊಳಗೂ ಅಷ್ಟೇ ಎಂದು ಲೆಕ್ಕ ಹಾಕುವುದಂತೆ. ವೆಂಕಪ್ಪನವರು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ನಡುವೆ ನೀಲಿ, ಸುತ್ತ ಕೆಂಪು.

"ಈ ಕೆಂಪು ಎಂತದ್?"

"ಎತ್ತರದ ಜಾಗ."

"ಈ ಊರಂಗೆ ಗುಡ್ಡಿ ಎಲ್ಲಿತ್ತ್ ಹೆಣ್ಣೇ? ಚಪಾತಿ ಲಟ್ಟಿಸಿದ ಹಾಂಗಿತ್ತ್." ಅವರು ಕಿಟಕಿಯಾಚೆ ಬೆರಳು ತೋರಿದರು. "ಅದ್ ಘೋಷ್ ಬಾಬು ಮೂರನೇ ಮಾಳಿಗೆ. ಇದ್ ನಮ್ ತಾರಸಿ. ನಿನ್ ಉಪಗ್ರಹ ನೀರಿನ ಟ್ಯಾಂಕಿಂದ ಜಾರುಬಂಡಿ ಕಟ್ಟಿ ಕೆರೆಗಿಳಿಸಿತ್ತ್, ಕಾಣ್."

ಪ್ರಣೀತಾ ಮನೆ, ಮರಗಳನ್ನೆಲ್ಲ ಲೆಕ್ಕದಿಂದ ತೆಗೆದಳು. ಕೆರೆ ಐದು ಅಡಿಗೆ ಬಂತು.

"ಆದ್ರೆ ಸರ್ ಪ್ರೂಫ್ ಕೇಳ್ತಾರೆ."

ವೆಂಕಪ್ಪನವರು ಪಂಚೆ ಎತ್ತಿ ಕಟ್ಟಿ ಕೆರೆಗೆ ಇಳಿದರು. ಸೊಸೆ ಸುಗುಣಾ ಸೌಟು ಹಿಡಿದೇ ದಡಕ್ಕೆ ಓಡಿಬಂದಳು.

"ಮಾವ, ಈ ವಯಸ್ಸಲ್ಲಿ ಎಂತ ಇದು?"

"ನಲವತ್ತಡಿ ಆಗಿದ್ರೆ ಹೆದರ್ತಿದ್ದೆ."

ನಡುಗೆರೆಯಲ್ಲಿ ನೀರು ಗಲ್ಲಕ್ಕೆ ಬಂತು. ಅವರು ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರಂತೆ ಗಂಭೀರವಾಗಿ ನಿಂತರು. ಪ್ರಣೀತಾ ತೆಗೆದ ಫೋಟೋ ಸರ್‌ಗೆ ಹೋಯಿತು. ಮೂರೂವರೆಗೆ ಉತ್ತರ ಬಂತು: 'ಇವರ ಎತ್ತರ ಎಷ್ಟು?'

"ಐದೂವರೆ ಅಡಿ," ಎಂದರು ವೆಂಕಪ್ಪನವರು ತಲೆ ಒರೆಸಿಕೊಳ್ಳುತ್ತ.

ಸುಗುಣಾ ರವಿಕೆ ಹೊಲಿಯುವ ಟೇಪು ತಂದು ಮಾವನನ್ನು ಬಾಗಿಲಿಗೆ ಒರಗಿಸಿದಳು. ಐದು ಅಡಿ ಮೂರು ಇಂಚು.

"ಟೇಪು ಹಳೇದು," ಎಂದರು ಅವರು.

"ಹೋದ ವಾರ ತಂದದ್ದು ಮಾವ."

ಪ್ರಣೀತಾ ಮತ್ತೆ ಲೆಕ್ಕ ಹಾಕಿದಳು. "ಅಜ್ಜಯ್ಯ, ನೀವು ಮೂರು ಇಂಚು ಕುಳ್ಳ ಆದದ್ದಕ್ಕೆ ಕೆರೇಲಿ ಒಂದೂವರೆ ಲಕ್ಷ ಲೀಟರ್ ನೀರು ಕಮ್ಮಿ ಆಯ್ತು."

"ಕೇರೀಲಿ, ಈ ಪಾಡಾದಲ್ಲಿ, ಯಾರಿಗೂ ಹೇಳ್ಬೇಡ. ಮೀನಿನವರು ಜಗಳಕ್ಕೆ ಬರ್ತಾರೆ."

ನಾಲ್ಕಕ್ಕೆ ಐದು ನಿಮಿಷವಿದ್ದಾಗ ವರದಿ ಹೋಯಿತು. ಫೋನ್ ಗುಂಯ್‌ಗುಟ್ಟಿದಾಗ ಮೂವರೂ ಅದರ ಮೇಲೆ ಬಾಗಿದರು. ಪ್ರಣೀತಾ ಓದಿದಳು: 'ಪಾಸ್. ಇನ್ನೂ ಮೂರು ಕೆರೆ ಅಳೆಯುವುದಿದೆ. ಇವರು ಬರುತ್ತಾರಾ?'

"ಬರೂದಿಲ್ಲ ಅಂತ ಬರಿ," ಎಂದಳು ಸುಗುಣಾ.

ವೆಂಕಪ್ಪನವರು, ಮುಂದಿನ ಕೆರೆಗೆ ಬೇಕಾದ ಪಂಚೆ ಒಣಗಿತೇ ಎಂದು ನೋಡಲು ತಾರಸಿ ಹತ್ತಿದರು.