ಬೂಟು ಬಿಟ್ಟು ಬನ್ನಿ

“ಚಪ್ಪಲಿ ಬಿಡೇ ಮುಂಡೆ! ಅದರ ಅಡೀಲಿ ಕಲ್ಲು ಕಚ್ಕೊಂಡು ಬಂದು ನನ್ನ ರನ್‌ವೇ ಮೇಲೆ ಉದುರಿದ್ರೆ, ನಿಮ್ಮಪ್ಪ ಬಂದು ವಿಮಾನ ಹಾರಿಸ್ತಾನಾ?”

ದೊಡ್ಡಕ್ಕನ ಅಪ್ಪ ಸೈಕಲ್ಲನ್ನೂ ನೆಟ್ಟಗೆ ತುಳಿದವನಲ್ಲ. ಅವಳು ಸುಮ್ಮನೆ ಚಪ್ಪಲಿ ಬಿಟ್ಟಳು. ಅಲ್ಲಿ ಗುಡಿಸುವ ಹನ್ನೆರಡು ಹೆಂಗಸರಿಗೂ ಅದೇ ಕಟ್ಟಳೆ. ಗೇಟಿನಲ್ಲಿ ಬೋರ್ಡೇ ಇತ್ತು: ‘ಪಾದರಕ್ಷೆ ನಿಷೇಧ. ಯಾರಿಗೂ ವಿನಾಯಿತಿ ಇಲ್ಲ.’ ಬರೆಸಿದವನು ಹೀಗೆ ಕಿರುಚುತ್ತಿದ್ದ ಸೂಪರ್‌ವೈಸರೇ. ಅವನ ಬೂಟು ಮಾತ್ರ ಬೋರ್ಡು ಓದುತ್ತಿರಲಿಲ್ಲ.

ಸಾಲಾಗಿ ಸೊಂಟ ಬಗ್ಗಿಸಿ ಕಲ್ಲು, ಮೊಳೆ ಆರಿಸಿ ಡಬ್ಬಿಗೆ ಹಾಕುವುದು ಕೆಲಸ. ಅಂಗಾಲು ಅಲ್ಲಿ ಕಣ್ಣಿಗಿಂತ ಚುರುಕು. ಆ ಬೆಳಿಗ್ಗೆ, ಹೊರಡಲು ನಿಂತ ವಿಮಾನದ ರೆಕ್ಕೆಯ ಕೆಳಗೆ, ದೊಡ್ಡಕ್ಕನ ಕಾಲಿಗೆ ಹೆಬ್ಬೆರಳು ಗಾತ್ರದ ಬೋಲ್ಟು ತಗುಲಿತು. ಎಣ್ಣೆ ಇನ್ನೂ ಹಸಿ.

“ಸಾಯೇಬ್ರೆ, ಇದು ಈ ವಿಮಾನದ್ದೇ. ಇಂಜಿನ್ನಿನ ಅಡೀಲಿತ್ತು.”

“ಓಹೋ, ಪೊರಕೆ ಕಾಲೇಜಲ್ಲಿ ಇಂಜಿನಿಯರಿಂಗ್ ಓದಿದ್ಯಾ? ಡಬ್ಬಿಗೆ ಹಾಕಿ ಬಾಯಿ ಮುಚ್ಕೊ!”

ಬಾಯಿ ಮುಚ್ಚಿಕೊಂಡಳು. ಬೋಲ್ಟನ್ನು ಮಾತ್ರ ಸೆರಗಿನ ತುದಿಗೆ ಗಂಟು ಹಾಕಿದಳು.

ವಿಮಾನ ಏರಿತು. ಏರಿದ್ದೇ ತಡ, ಎಡಗಡೆಯ ಇಂಜಿನ್ನು ಮುದುಕನ ಹಾಗೆ ಕೆಮ್ಮಿ, ಹೊಗೆ ಉಗುಳಿ, ಸುಮ್ಮನಾಯಿತು. ವಿಮಾನ ಬೇಲಿ ದಾಟಿ ಕೊಳಚೆ ಹೊಂಡದಲ್ಲಿ ಎಮ್ಮೆಯಂತೆ ಹೊಟ್ಟೆ ಊರಿ ಕೂತಿತು. ಮೊದಲು ಓಡಿದವರು ಗುಡಿಸುವವರೇ. ಪೊರಕೆ ಚಾಚಿ ಚಾಚಿ ಒಬ್ಬೊಬ್ಬರನ್ನೇ ದಡಕ್ಕೆ ಎಳೆದರು. ಯಾರೂ ಸಾಯಲಿಲ್ಲ. ಕತ್ತಿನವರೆಗೆ ಕೆಸರಾದ ಸೂಟಿನವನೊಬ್ಬ ಮೇಲೆ ಬಂದವನೇ, “ನನಗಿನ್ನೂ ತಿಂಡಿ ಕೊಟ್ಟಿಲ್ಲ” ಎಂದ.

“ಹತ್ತಿ ಎರಡು ನಿಮಿಷ ಆಗಿಲ್ಲ, ಅಷ್ಟರಲ್ಲೇ ಹಸಿವಾ ಅಣ್ಣಾ?” ಎಂದಳು ಜೊತೆಗೇ ಗುಡಿಸುವ ದೊಡ್ಡಕ್ಕನ ನಾದಿನಿ.

ಮರುದಿನ ಸೂಪರ್‌ವೈಸರ್ ಕಾಗದ ಚಾಚಿದ. “ನೀನು ಗುಡಿಸದೆ ಬಿಟ್ಟ ಕಲ್ಲು ಇಂಜಿನ್ನಿಗೆ ಹೋಯ್ತು. ಹೆಬ್ಬೆಟ್ಟು ಒತ್ತು. ಒತ್ತಿದ್ರೆ ನೀನೊಬ್ಬಳೇ ಜೈಲಿಗೆ. ಇಲ್ಲಾಂದ್ರೆ ಹನ್ನೆರಡು ಜನಾನೂ ಮನೆಗೆ.”

“ತನಿಖೆಯೋರು ಬರ್ಲಿ ತಡೀರಿ.”

ನೆತ್ತಿ ಸುಡುವ ಮಧ್ಯಾಹ್ನ ಅವರು ಬಂದರು. ಐದು ಜನ, ಮುಖ ಕಾಣುವಷ್ಟು ಹೊಳೆಯುವ ಬೂಟುಗಳು. ವಿಮಾನ ನಿಂತಿದ್ದ ಜಾಗ ನೋಡಬೇಕಿತ್ತು. ಗೇಟಿಗೆ ದೊಡ್ಡಕ್ಕನ ಪೊರಕೆ ಅಡ್ಡ ಬಂತು.

“ಬೂಟು ಬಿಡಿ.”

“ಲೇ, ಇವರು ಯಾರು ಗೊತ್ತೇನೇ?” ಸೂಪರ್‌ವೈಸರ್ ಗಂಟಲು ಕಿತ್ತುಕೊಂಡ.

“ಬೋರ್ಡು ನೀವೇ ಬರೆಸಿದ್ದಲ್ವಾ ಸಾಯೇಬ್ರೆ? ಒಂದು ಕಲ್ಲಿಗೇ ವಿಮಾನ ಬಿತ್ತು ಅಂತೀರಿ. ನಿಮ್ಮದೂ ಸೇರಿ ಆರು ಜೊತೆ ಬೂಟಿಗೆ ಎಷ್ಟು ಬೀಳ್ಬೇಕು?”

ಹಿರಿಯ ಅಧಿಕಾರಿ ಬೋರ್ಡು ಓದಿದ. ಮತ್ತೊಮ್ಮೆ ಓದಿದ. ಬಗ್ಗಿ ಲೇಸು ಬಿಚ್ಚಿದ. ಉಳಿದವರೂ ಬಿಚ್ಚಿದರು. ಸೂಪರ್‌ವೈಸರನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು.

ಕಾದ ಡಾಂಬರಿನ ಮೇಲೆ ಆರು ಜನ ದೊಡ್ಡವರು ಕೊಕ್ಕರೆಗಳಂತೆ ಒಂದೊಂದೇ ಕಾಲಲ್ಲಿ ಕುಣಿದರು. ಮುಂದೆ ದೊಡ್ಡಕ್ಕ, ಮದುವಣಗಿತ್ತಿಯ ನಡಿಗೆ.

“ಬೇಗ ನಡಿಯಮ್ಮಾ!”

“ಆಗಲ್ಲ ಅಣ್ಣಾ. ಕಲ್ಲು ನೋಡ್ಕೊಂಡೇ ನಡೀಬೇಕು.”

ಯಾವ ಕಡೆಯ ನೆರಳೂ ದೂರವಿದ್ದ ನಟ್ಟನಡುವೆ ಅವಳು ನಿಂತಳು. ಸೆರಗಿನ ಗಂಟಿಗೆ ಕೈ ಹಾಕಿದಳು. ಗಂಟು ಬಿಗಿಯಾಗಿತ್ತು, ಅವಳಿಗೇನೂ ಅವಸರವಿರಲಿಲ್ಲ.

“ಎಲ್ಲಾ ಹೇಳ್ತೀನಿ ಸಾಯೇಬ್ರೆ, ಕೂತ್ಕೊಳ್ಳಿ. ನಿನ್ನೆ ಬೆಳಿಗ್ಗೆ ನಾನು ಎದ್ದಾಗ…”