ಜೂನೋ ಇಲ್ಲದ ಬೀದಿ

“ಹಾಗಾದ್ರೆ ಈ ಬೀದಿ ಯಾರ ಗುಡಿಗೆ ಹೋಗ್ತಿತ್ತು?”

ಓರ್ನೆಲ್ಲಾ ಕೇಳಿದ್ದು ಯಾರನ್ನೂ ಅಲ್ಲ. ರೋಮಿನ ಚೇಲಿಯೊ ಗುಡ್ಡದ ಮೇಲಿನ ಉಗ್ರಾಣದಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಕಲ್ಲುಗಳೇ. ಹಿಂದೊಂದು ಕಾಲಕ್ಕೆ ರೋಮ್ ನಗರವನ್ನು ಬೀದಿ ಬೀದಿಯಾಗಿ ಅಮೃತಶಿಲೆಯ ಮೇಲೆ ಕೊರೆದು ಗೋಡೆಗೆ ಕೂರಿಸಿದ್ದರು. ಕಾಲ ಸರಿಯಿತು, ನಕ್ಷೆ ಚೂರುಚೂರಾಯಿತು. ಆ ಚೂರುಗಳನ್ನು ಜೋಡಿಸುತ್ತಲೇ ಪ್ರೊಫೆಸರ್ ಎವಾರಿಸ್ತೊ ಮುದುಕರಾಗಿ ಹೋಗಿಬಿಟ್ಟರು. ಅವರ ಪಕ್ಕದಲ್ಲಿ ಕೂತು ಕೂತು ಓರ್ನೆಲ್ಲಾಳ ಕೂದಲೂ ನರೆಯಿತು.

ಅಂಗೈಯಗಲದ ಈ ಚೂರಿನ ಮೇಲೆ ಒಂದು ಬೀದಿ, ಅದರ ಪಕ್ಕ ಲ್ಯಾಟಿನ್ನಿನ ಮೂರಕ್ಷರ: NIS, ‘ನಿಸ್’. ಇದು ‘ಯುನೋನಿಸ್’ ಎಂಬುದರ ಬಾಲ, ಜೂನೋ ದೇವಿಯ ಬೀದಿ ಎಂದು ಪ್ರೊಫೆಸರ್ ಓದಿದ್ದರು. ಅವರ ಹೆಸರು ನಿಂತದ್ದೇ ಆ ಓದಿನ ಮೇಲೆ. ಯಾವ ಚೂರನ್ನೇ ಆಗಲಿ, ಮೊದಲು ಕಣ್ಣು ಮುಚ್ಚಿ ಬೆರಳಿನಿಂದ ಓದು ಎಂದು ಕಲಿಸಿದವರೂ ಅವರೇ. ಇದೊಂದನ್ನು ಮಾತ್ರ ಅವಳು ಹಾಗೆ ಓದಿರಲಿಲ್ಲ, ಅವರು ಓದಿಯಾಗಿತ್ತಲ್ಲ.

ಇವತ್ತು, ಅವರ ನೆನಪಿನ ಸಂಪುಟದ ಕೊನೆಯ ಕರಡು ತಿದ್ದುತ್ತ, ಸುಮ್ಮನೆ ಮುಟ್ಟಿದಳು. ಹಾವಿನಂತೆ ಬಳುಕಿದ S ಅಕ್ಷರದ ದೊಡ್ಡ ಹೊಟ್ಟೆ ಮೇಲಿತ್ತು. ಉಳಿದ ಚೂರುಗಳನ್ನು ಮುಟ್ಟಿ ನೋಡಿದಳು. ಎಲ್ಲದರಲ್ಲೂ ಹೊಟ್ಟೆ ಕೆಳಗೆ. ಕಲ್ಲನ್ನು ತಿರುಗಿಸಿದಳು. ಆ ಮೂರಕ್ಷರಗಳ ಗುಣವೇ ಹಾಗೆ, ತಲೆಕೆಳಗಾದರೂ ಅಕ್ಷರಗಳಾಗಿಯೇ ಉಳಿಯುತ್ತವೆ. NIS ಹೋಗಿ SIN, ‘ಸಿನ್’ ಆಯಿತು. ಜೂನೋ ಅಲ್ಲಿ ಇರಲೇ ಇಲ್ಲ.

“ಏನೇ, ಗುರುವಾರ ಅನ್ನೋದೂ ಮರೆತೋಯ್ತಾ? ನ್ಯೊಕ್ಕಿ ಕಡುಬು ಆರಿ ಅಂಟಾಗ್ತಿದೆ. ಕಲ್ಲು ಬೇಯಿಸ್ಕೊಂಡು ತಿಂತೀಯೇನು?”

ಏದುಸಿರು ಬಿಡುತ್ತ ಬಂದವಳು ಫೌಸ್ತಾ, ಪ್ರೊಫೆಸರರ ತಂಗಿ. ಅಣ್ಣ ಹೋದ ಮೇಲೂ ಗುರುವಾರ ಮೂರು ತಟ್ಟೆ ಇಡುವವಳು. ಓರ್ನೆಲ್ಲಾ ಇನ್ನೊಬ್ಬರ ಎದುರು ಕೂತು ಉಣ್ಣುವುದು ವಾರದಲ್ಲಿ ಅದೊಂದೇ ಊಟ.

ಓರ್ನೆಲ್ಲಾ ಕಲ್ಲು ತೋರಿಸಿ ಎಲ್ಲ ಹೇಳಿದಳು.

“ಬೇರೆ ಯಾರಿಗೆ ಗೊತ್ತು?” ಫೌಸ್ತಾ ಕೇಳಿದಳು.

“ಯಾರಿಗೂ ಇಲ್ಲ, ಅಕ್ಕಾ.”

“ಮತ್ತೆ? ಹೆಂಗಿತ್ತೋ ಹಂಗೇ ತಿರುಗಿಸಿಡು. ಇಷ್ಟು ವರ್ಷ ಸುಮ್ನಿದ್ದ ಕಲ್ಲಿಗೆ ಈಗೇನು ಬಾಯಿ ಬರುತ್ತಾ?” ಫೌಸ್ತಾ ನಗಲು ನೋಡಿದಳು, ಆಗಲಿಲ್ಲ. “ಅವನ ಗೋರಿ ಮೇಲೆ ಅದನ್ನೇ ಕೆತ್ಸಿದೀನಿ ಕಣೇ. ‘ಜೂನೋ ಬೀದಿಯನ್ನು ಕಂಡವನು’ ಅಂತ. ನೀನು ಅದು ತಪ್ಪು ಅಂತ ಅಚ್ಚು ಹಾಕ್ಸಿದ್ರೆ, ನಾನ್ಯಾವ ಮನಸ್ಸಿಂದ ನಿಂಗೆ ಬಡಿಸ್ಲಿ?”

ಮಧ್ಯಾಹ್ನದ ಪ್ರಾರ್ಥನೆಯ ಗಂಟೆ ಮೊಳಗಿತು. ಇಬ್ಬರೂ ಶಿಲುಬೆಯ ಗುರುತು ಮಾಡಿಕೊಂಡರು. ಅಷ್ಟರ ಮಟ್ಟಿಗೆ ಇನ್ನೂ ಜೊತೆಯಲ್ಲೇ ಇದ್ದರು. ಓರ್ನೆಲ್ಲಾ ಕಣ್ಣು ಮುಚ್ಚಿ ಕಲ್ಲಿನ ಮೇಲೆ ಬೆರಳಿಟ್ಟಳು.

“ಕೈ ಮುಗೀತೀನಿ, ಹಾಗೇ ಬಿಡೇ.”

“ಹಾಗೇ ಬಿಡೋದಿಲ್ಲ, ಅಕ್ಕಾ,” ಎಂದಳು ಓರ್ನೆಲ್ಲಾ.