ಬರ್ಲಾ ಎಂದರೆ

ಅರ್ಧ ದಾರಿಯಲ್ಲೇ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಟೈಲರಮ್ಮ ಎರಡೂ ಚಪ್ಪಲಿಗಳನ್ನು ಕೈಗೆ ತೆಗೆದುಕೊಂಡು ಬರಿಗಾಲಲ್ಲೇ ಏರು ಹತ್ತತೊಡಗಿದಳು. ಗಂಡ ಸತ್ತ ಸುದ್ದಿ ಬೆಳಿಗ್ಗೆ ಬಂದಿತ್ತು. ಆತ ಐದು ವರ್ಷದಿಂದ ಒಬ್ಬನೇ ಇದ್ದ ಕಾಡಿನ ಮನೆಯನ್ನು ಆಕೆ ನೋಡಲಿರುವುದು ಇದೇ ಮೊದಲು. ಮುಂದೆ ಮಗ ನಡೆಯುತ್ತಿದ್ದ. ಹಿಂದೆ ನಾದಿನಿ ಏದುಸಿರು ಬಿಡುತ್ತಿದ್ದಳು.

"ಮುಳ್ಳು ಚುಚ್ಚತ್ತೆ ಅತ್ತಿಗೆ, ನನ್ನ ಚಪ್ಪಲಿ ಹಾಕ್ಕೊಳ್ಳಿ."

"ಬೇಡ ಬಿಡು. ನಿನ್ನ ಚಪ್ಪಲೀಲಿ ನನ್ನ ಹೆಬ್ಬೆರಳು ಹಿಡಿದ್ರೆ ಹೆಚ್ಚು."

"ಏನು ಗಟ್ಟಿ ಜೀವಾನೋ ನಿಮ್ದು! ಬಿಟ್ಟು ಹೋದ ಗಂಡನಿಗೋಸ್ಕರ ಬರಿಗಾಲಲ್ಲಿ ಬೆಟ್ಟ ಹತ್ತಾ ಇದ್ದೀರಿ..." ನಾದಿನಿಗೆ ಮತ್ತೆ ಅಳು ಉಕ್ಕಿ ಬಂತು. ಸತ್ತವನು ಅವಳ ಒಡಹುಟ್ಟಿದ ಅಣ್ಣ.

'ಬಿಟ್ಟು ಹೋದ ಗಂಡ' ಎಂಬ ಮಾತು ಕೇಳಿ ಕೇಳಿ ಟೈಲರಮ್ಮನ ಕಿವಿ ತೂತು ಬಿದ್ದಿತ್ತು. ಅಂಗಡಿಗೆ ಬಂದವರು ಅಳತೆ ಕೊಡುತ್ತ ನಿಂತಾಗಲೂ 'ಪಾಪ' ಅನ್ನದೆ ಬಿಡುತ್ತಿರಲಿಲ್ಲ. ಆದರೆ ಈಗ ಆಕೆಯ ತಲೆ ಕೊರೆಯುತ್ತಿದ್ದದ್ದು ಅದಲ್ಲ. ಕಳೆದ ಸಲ ಊರಿಗೆ ಬಂದಾಗ ಆತ ಹೊರಡುವ ಮುಂಚೆ ಆಡಿದ ಒಂದು ಮಾತು. ಅದಕ್ಕೆ ಅರ್ಥ ಹೇಳಬೇಕಾದವನೇ ಹೋಗಿಬಿಟ್ಟಿದ್ದ.

ಮನೆಯೆಂದರೆ ಒಂದೇ ಕೋಣೆ. ಮಂಚದ ಮೇಲೆ ಆತನನ್ನು ಗಲ್ಲದವರೆಗೆ ಹೊದಿಸಿ ಮಲಗಿಸಿದ್ದರು. ಹಳೆಯ ಡ್ರೈವರಣ್ಣ ಬಾಗಿಲಲ್ಲಿ ಟೊಪ್ಪಿ ಹಿಡಿದು ನಿಂತಿದ್ದ. ಬಸ್ ಕಂಡಕ್ಟರಾಗಿದ್ದ ಗಂಡ ಟಿಕೆಟ್ ಹರಿದಷ್ಟು ವರ್ಷವೂ ಸ್ಟಿಯರಿಂಗ್ ಹಿಡಿದವನು ಅವನೇ. ಬೆಳಗಿನ ಜಾವ ಹೆಣ ಕಂಡವನು ಕಾಡಿನ ಜೇನುಗಾರ, ಆತನಿಗಿದ್ದ ಒಬ್ಬನೇ ನೆರೆಯವ.

ಟೈಲರಮ್ಮ ಗಂಡನ ಹಣೆ ಮುಟ್ಟಿದಳು. ಅತ್ತಳು ಕೂಡ. ಆದರೆ ಕಣ್ಣು ಒರೆಸಿಕೊಂಡ ಮರುಗಳಿಗೆಯೇ ಅದು ಕೋಣೆಯ ಮೂಲೆ ಮೂಲೆಗೆ ಓಡಿತು. ಒಂದು ತಟ್ಟೆ, ಒಂದು ಲೋಟ, ಮೊಳೆಗೆ ತೂಗುಹಾಕಿದ ಒಂದು ಬಾಣಲೆ.

"ನೋಡಿ ಅತ್ತಿಗೆ, ಒಂದೇ ತಟ್ಟೆ! ಎದುರಿಗೆ ಕೂತು ಉಣ್ಣೋರಿಲ್ದೆ ಹೇಗೆ ತಿಂದನೋ ನಮ್ಮಣ್ಣ," ಎಂದಳು ನಾದಿನಿ.

ಗೋಡೆಯ ಮೇಲಿದ್ದ ಅಂಗಿಯ ಮೊಣಕೈಗೆ ತೇಪೆ ಹಾಕಿತ್ತು. ಹೊಲಿಗೆಯೋ, ಕೋಳಿ ಕೆದರಿದ ಹಾಗೆ ಅಡ್ಡಾದಿಡ್ಡಿ. ಬಿಚ್ಚಿ ಮತ್ತೆ ಹೊಲಿಯಲು ಟೈಲರಮ್ಮನ ಕೈ ತುರಿಸಿತು. ಹೆಂಡತಿ ಟೈಲರ್ ಆಗಿದ್ದೂ ಈ ಮನುಷ್ಯ ತಾನೇ ಹೊಲಿದುಕೊಂಡಿದ್ದ. ಬೇಸರಕ್ಕೋ, ಖುಷಿಗೋ? ಅಂಗಿ ಹೇಳಲಿಲ್ಲ.

*

ನಿವೃತ್ತಿಯಾದ ದಿನ ಕಂಡಕ್ಟರು ಹಾರ ತೆಗೆದು ಕುರ್ಚಿಗೆ ನೇತುಹಾಕಿ, "ಸಾಕು ಕಣೇ," ಅಂದಿದ್ದ. "ಇಷ್ಟು ವರ್ಷ ಜನರ ಬೆವರಲ್ಲೇ ಬೆಂದೆ. ಇನ್ನು ಯಾರೂ ಇಲ್ಲದ ಕಡೆ ಇರ್ತೀನಿ. ಕಾಡಲ್ಲಿ ಒಂದು ಮನೆ ನೋಡಿದೀನಿ."

"ಯಾರೂ ಇಲ್ಲದ ಕಡೆ ಅಂದ್ರೆ? ನಾನೂ ಇಲ್ಲದ ಕಡೇನಾ?"

ಆತ ತಲೆ ಕೆರೆದುಕೊಂಡು, "ಬಂದ್ರೆ ಬಾ," ಅಂದ.

"ಬಂದ್ರೆ ಬಾ ಅನ್ನೋದು ಕರೆಯೋದಾ ರೀ? ನಾಯಿಗೂ ಇದಕ್ಕಿಂತ ಚೆನ್ನಾಗಿ ಕರೀತಾರೆ. ಹೋಗಿ, ನಾನಂತೂ ಆ ಕಡೆ ತಲೆ ಹಾಕಲ್ಲ."

ಆತ ಹೋದ. ಆ ರಾತ್ರಿ ಟೈಲರಮ್ಮ ಅಳಲು ಸಿದ್ಧಳಾಗಿ ಮಲಗಿದಳು. ಅಳು ಬರಲಿಲ್ಲ, ನಿದ್ದೆ ಬಂತು. ಬೆಳಿಗ್ಗೆ ನೋಡಿದರೆ ಇಡೀ ಮಂಚದ ತುಂಬ ಕೈಕಾಲು ಚಾಚಿ ಬಿದ್ದಿದ್ದಳು. ಅಂದಿನಿಂದ ಊಟದ ಮೇಜಿನ ಮೇಲೂ ಬಟ್ಟೆ ಹರಡಿದಳು. ಹಸಿದಾಗ ಉಂಡಳು, ಹಸಿಯದಿದ್ದರೆ ಒಲೆ ಹಚ್ಚಲಿಲ್ಲ. ಸಂಜೆ ರೇಡಿಯೋ ಆರಿಸಿ, ಏನೂ ಕೇಳಿಸದ ಮನೆಯಲ್ಲಿ ಸುಮ್ಮನೆ ಕೂರುವುದು ಆಕೆಗೆ ಎಷ್ಟು ಹಿತವಾಗಿತ್ತೆಂದರೆ, ಯಾರಾದರೂ 'ಪಾಪ' ಅಂದಾಗ ಕಳ್ಳತನ ಮಾಡಿದವಳ ಹಾಗೆ ತಲೆ ತಗ್ಗಿಸುತ್ತಿದ್ದಳು.

ಬೆಂಕಿಪೊಟ್ಟಣ, ಉಪ್ಪು, ಸೋಪು ಬೇಕಾದಾಗ ಕಂಡಕ್ಟರು ಊರಿಗೆ ಬರುತ್ತಿದ್ದ. ಇಬ್ಬರೂ ಚಹಾ ಕುಡಿದು ಹರಟುತ್ತಿದ್ದರು, ಮೊದಲಿಗಿಂತ ಚೆನ್ನಾಗಿಯೇ. ಸಂಜೆಯ ಬಸ್ಸಿನ ಹೊತ್ತಿಗೆ ಆತ "ಹೊರಟೆ" ಎಂದು ಚೀಲ ಎತ್ತುತ್ತಿದ್ದ. ಯಾವಾಗಲೂ ಅದೇ ಮಾತು, ಬಸ್ಸಿನ ಬಾಗಿಲು ಎಳೆದ ಹಾಗೆ.

ಕಳೆದ ಸಲ ಮಾತ್ರ ಹೊಸ್ತಿಲಲ್ಲಿ ನಿಂತ. ಚೀಲ ಈ ಕೈಯಿಂದ ಆ ಕೈಗೆ ಬದಲಿಸಿದ. "ಬರ್ಲಾ?" ಅಂದ.

ಊರಿನವರೆಲ್ಲ ಹೊರಡುವಾಗ ಅನ್ನುವ ಮಾತೇ ಅದು. ಆದರೆ ಆತ ಯಾವತ್ತೂ ಅಂದಿರಲಿಲ್ಲ. ಟೈಲರಮ್ಮ ಮಷೀನು ನಿಲ್ಲಿಸಿದಳು. ಹೊರಡಲಾ ಎನ್ನುತ್ತಿದ್ದಾನೋ, ಮನೆಗೆ ವಾಪಸ್ ಬರಲಾ ಎಂದು ಕೇಳುತ್ತಿದ್ದಾನೋ? ಹಲ್ಲಿನಲ್ಲಿ ಗುಂಡುಸೂಜಿ ಕಚ್ಚಿಕೊಂಡೇ "ಹ್ಞೂಂ" ಎಂದು, ಆತ ಇನ್ನೊಂದು ಮಾತಾಡುವ ಮೊದಲೇ ಮಷೀನು ತುಳಿದುಬಿಟ್ಟಳು. ತಲೆ ಎತ್ತಿದಾಗ ಹೊಸ್ತಿಲು ಖಾಲಿಯಿತ್ತು.

*

ಮರಗಳ ಅಂಚಿನಲ್ಲಿ ಗುಂಡಿ ತೋಡಿದ್ದರು. ಡ್ರೈವರಣ್ಣ, ಮಗ, ಜೇನುಗಾರ, ಡಿಪೋದ ಒಂದಿಬ್ಬರು ಸೇರಿ ಹೊತ್ತು ತಂದು ಇಳಿಸಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಟೈಲರಮ್ಮ ಹಾಕಿದ ಮಣ್ಣಿನಲ್ಲಿ ಒಣಗಿದ ಎಲೆಗಳೂ ಬೆರೆತಿದ್ದವು. ಇಷ್ಟು ಕಾಲದ ಸಂಸಾರ ಮಣ್ಣಾಯಿತಲ್ಲ ಎಂದುಕೊಂಡಳು.

ವಾಪಸ್ ನಡೆಯುವಾಗ ಆಕೆ ಜೇನುಗಾರನ ಪಕ್ಕ ಬಂದಳು.

"ಊರಿಗೆ ವಾಪಸ್ ಹೋಗೋ ಮಾತು ಆಡ್ತಿದ್ರಾ ಅವ್ರು?"

"ಮಾತೇ ಕಮ್ಮಿ ಅಮ್ಮ. ನಾನು ಮಾತಾಡ್ಸಿದ್ರೆ ಉಂಟು, ಇಲ್ದಿದ್ರೆ ಇಲ್ಲ." ಅವನು ನೆನೆಸಿಕೊಂಡು ನಕ್ಕ. "ಒಂದ್ಸಲ ಜಿಂಕೆ ಹಿಂಡು ಹೋಗ್ತಿತ್ತು. 'ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ' ಅಂತ ಕೂಗಿದ್ರು ನೋಡಿ! ಜಿಂಕೆಗಳಿಗಿಂತ ಮೊದಲು ನಾನು ಓಡಿದೆ."

"ಸಂಕಟದಲ್ಲಿ ಕೂಗಿದ್ರಾ? ತಮಾಷೆಗಾ?"

"ಅದು ಹೇಗೆ ಹೇಳ್ಲಿ? ಆಮೇಲೆ ಬಹಳ ಹೊತ್ತು ಒಬ್ರೇ ಕೂತಿದ್ರು, ಹಿಂದುಗಡೆ."

ಹಿಂದುಗಡೆ ಎಂದರೆ ಮನೆಯ ಬೆನ್ನಿಗೆ, ಕಾಡಿಗೆ ಎದುರಾಗಿ. ಎಲ್ಲರೂ ಅತ್ತ ಹೋದರು. ಅಲ್ಲೊಂದು ಬಸ್ಸಿನ ಸೀಟು ಇತ್ತು. ಬೆನ್ನಿನ ಮೇಲೆ ಹಿಡಿದುಕೊಳ್ಳುವ ಕಂಬಿ ಸಮೇತ, ಇಬ್ಬರು ಕೂರುವ ಹಸಿರು ರೆಕ್ಸಿನ್ ಸೀಟು.

"ನಾನೇ ತಂದ್ಕೊಟ್ಟಿದ್ದು," ಎಂದ ಡ್ರೈವರಣ್ಣ. "ಹಳೇ ಬಸ್ಸು ಗುಜರಿಗೆ ಹೋಗೋವಾಗ ಬಿಚ್ಚಿ, ಹೊಸ ರೆಕ್ಸಿನ್ ಹಾಕಿಸಿ ತಂದೆ. ಒಬ್ಬನಿಗೆ ಇಬ್ಬರ ಸೀಟು ಯಾಕೋ ಅಂತ ಕೇಳ್ದೆ. ನಕ್ಕ, ಅಷ್ಟೇ. ಈಗ ಗೊತ್ತಾಯ್ತು ತಂಗೀ. ನಿನಗೇ ಅಂತ ಪಕ್ಕದಲ್ಲಿ ಜಾಗ ಹಿಡಿದಿಟ್ಟಿದ್ದ."

ನಾದಿನಿ ಬಾಯಿ ಬಿಟ್ಟು ಅತ್ತಳು. ಮಗ ಮುಖ ತಿರುಗಿಸಿಕೊಂಡ. "ಅಪ್ಪ ಕಾಯ್ತಾ ಇದ್ರು ಅಮ್ಮ," ಅಂದ.

ಟೈಲರಮ್ಮನಿಗೆ ಆ 'ಬರ್ಲಾ?' ನೆನಪಾಯಿತು. ಹಾಗಾದರೆ ಕೇಳಿದ್ದೇ ಹೌದು. ಬರಲಾ ಎಂದು ಕೇಳಿದ ಮನುಷ್ಯನನ್ನು ಮಷೀನಿನ ಸದ್ದಿನಲ್ಲಿ ಓಡಿಸಿ, ತಾನು ಮಂಚದ ತುಂಬ ಸುಖವಾಗಿ ನಿದ್ದೆ ಮಾಡಿದ್ದಳು. ಆತ ಇಲ್ಲಿ ಪಕ್ಕದ ಖಾಲಿ ಜಾಗ ನೋಡುತ್ತ ಕೂತಿದ್ದ. ಆಕೆ ಸೀಟಿನ ಕಂಬಿ ಹಿಡಿದುಕೊಂಡು ಬಗ್ಗಿದಳು.

ಬಗ್ಗಿದವಳು ಹಾಗೇ ನೋಡಿದಳು.

ಪ್ಯಾಂಟು ಎಲ್ಲಿ ಸವೆದಿದೆ ಎಂದು ನೋಡಿ ಅದರ ಯಜಮಾನ ಹೇಗೆ ಕೂರುತ್ತಾನೆಂದು ಹೇಳುವುದು ಆಕೆಗೆ ಅನ್ನ ಕೊಟ್ಟ ಕಸುಬು. ಸೀಟಿನ ಎಡಬದಿಯ ರೆಕ್ಸಿನ್ ಹೊಸದರ ಹಾಗೆ ಮಿರುಗುತ್ತಿತ್ತು. ಬಲಬದಿಯದೂ ಹಾಗೆಯೇ. ನಟ್ಟನಡುವೆ, ಎರಡು ಜಾಗಗಳನ್ನು ಬೇರೆ ಮಾಡುವ ಹೊಲಿಗೆಯ ಮೇಲೇ ಒಂದು ಗುಳಿ ಬಿದ್ದಿತ್ತು. ದಾರ ಕಿತ್ತು, ಒಳಗಿನ ಸ್ಪಂಜು ಕಾಣುತ್ತಿತ್ತು. ಕೆಳಗೆ ಮಣ್ಣಿನಲ್ಲಿ ಎರಡು ಹಿಮ್ಮಡಿಗಳ ಕುಳಿ, ಅವೂ ಸರಿಯಾಗಿ ಮಧ್ಯಕ್ಕೆ. ಇಬ್ಬರ ಸೀಟಿನಲ್ಲಿ ಆ ಮನುಷ್ಯ ಒಂದು ದಿನವೂ ಒಂದು ಪಕ್ಕಕ್ಕೆ ಕೂತಿರಲಿಲ್ಲ.

ಟೈಲರಮ್ಮನ ಭುಜಗಳು ಕುಲುಕತೊಡಗಿದವು. ಆಕೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

"ಅತ್ತುಬಿಡಿ ಅತ್ತಿಗೆ, ಒಳಗೆ ಇಟ್ಕೋಬೇಡಿ," ಎಂದು ನಾದಿನಿ ಬೆನ್ನು ಸವರಿದಳು.

ನಕ್ಕು ನಕ್ಕು ಕಣ್ಣಲ್ಲಿ ನೀರು ಬರುವವರೆಗೆ ಟೈಲರಮ್ಮ ಹಾಗೇ ಬಾಯಿ ಮುಚ್ಚಿಕೊಂಡಿದ್ದಳು. ಉಳಿದವರು ಅವಳನ್ನು ಅವಳ ದುಃಖಕ್ಕೆ ಬಿಟ್ಟು ಗುಸುಗುಸು ಮಾತಾಡುತ್ತ ಮುಂಬಾಗಿಲ ಕಡೆ ಹೋದರು. ಆಗ ಆಕೆ ಸೀಟಿನ ಮೇಲೆ ಕೂತಳು. ಗುಳಿ ಅಳತೆಗೆ ಸರಿಹೋಯಿತು. ಕಾಲುಗಳನ್ನು ಕುಳಿಗಳಲ್ಲಿ ಊರಿದಳು. ಎದುರಿಗೆ ಮರ, ಮರದ ಹಿಂದೆ ಮರ, ಎಲ್ಲೂ ಯಾರೂ ಇಲ್ಲ. ಎಂಥ ಜಾಗ ಹುಡುಕಿದ್ದ ಪುಣ್ಯಾತ್ಮ!

ಸ್ವಲ್ಪ ಹೊತ್ತಿಗೆ ಮಗ ಬಂದ. ಅವನ ಕಣ್ಣು ಕೆಂಪಾಗಿತ್ತು.

"ಸ್ವಲ್ಪ ಸರ್ಕೊಳ್ಳಮ್ಮ, ನಾನೂ ಕೂತ್ಕೋತೀನಿ."

"ನಿಂತ್ಕೋ ಮಗಾ," ಎಂದಳು ಟೈಲರಮ್ಮ.

ಆಕೆ ಎರಡೂ ಕೈಗಳನ್ನು ಎರಡು ಬದಿಯ ಹೊಳೆಯುವ ರೆಕ್ಸಿನ್ನಿನ ಮೇಲೆ ಚಾಚಿ, ಒಂದಿಂಚೂ ಕದಲದೆ ಕಾಡು ನೋಡುತ್ತಿದ್ದಳು. ಮಗ ಏನೂ ತಿಳಿಯದೆ, ತುಂಬಿದ ಬಸ್ಸಿನ ಪ್ರಯಾಣಿಕನಂತೆ, ಸೀಟಿನ ಬೆನ್ನಿನ ಕಂಬಿ ಹಿಡಿದು ಪಕ್ಕದಲ್ಲಿ ನಿಂತ.